ಹುಳ ಮುಟ್ಟಿದ ಕೈ

ಹುಳ ಸಾಕುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲು ಒಂದು ಕಿವಿಮಾತು. ಕಡಲೆ ಹಿಟ್ಟಿನ ಝುಣಕ ನಿಮಗೆ ಇಷ್ಟವಿದ್ದರೆ ಸೇರುವ ಮೊದಲೇ ಹೊಟ್ಟೆ ತುಂಬ ತಿಂದುಬಿಡಿ. ಆಮೇಲೆ ಅದರ ವಾಸನೆ ಬಂದರೂ ಎದ್ದು ಹೋಗುವಂತಾಗುತ್ತದೆ. ತೊಗರಿ ಕಾಯಿ ಕೊರೆಯುವ ಹುಳವನ್ನು ನಾವು ಕೋಣೆಯೊಳಗೆ ಸಾಕುವುದು ಕಡಲೆ ಹಿಟ್ಟಿನ ಮೇಲೆಯೇ. ಹಿಟ್ಟಿಗೆ ಯೀಸ್ಟು, ವಿಟಮಿನ್ ಪುಡಿ, ಗಟ್ಟಿಯಾಗಲಿಕ್ಕೆ ಅಗರ್ ಹಾಕಿ ಕುದಿಸಿ, ಬಿಸಿ ಇರುವಾಗಲೇ ಸಣ್ಣ ಸಣ್ಣ ಶೀಶೆಗಳಿಗೆ ಸುರಿಯಬೇಕು. ಮನುಷ್ಯರಿಗೆ ಅಡುಗೆ ಮಾಡಿ ನಾನು ಯಾವತ್ತೂ ಹೆಸರು ಗಳಿಸಲಿಲ್ಲ. ಹುಳಗಳು ಮಾತ್ರ ಒಂದು ದಿನವೂ ಉಪ್ಪು ಕಡಿಮೆ ಅನ್ನಲಿಲ್ಲ.

ಕಲಬುರಗಿಯ ಅಂಚಿನಲ್ಲಿದ್ದ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ನಾನು ಹುಳದ ಕೋಣೆಯ ಸಹಾಯಕಿ. ಸೇರಿದಾಗಲೂ ಸಹಾಯಕಿ, ಬಿಟ್ಟಾಗಲೂ ಸಹಾಯಕಿ. ಹಾಗಾಗಿ ಬಡ್ತಿಯ ಕಥೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಹೆಸರು ಶಾಂತಾಬಾಯಿ. ಹಾಜರಿ ಪುಸ್ತಕದಲ್ಲಿ ಮಾತ್ರ ಆ ಹೆಸರು, ಉಳಿದ ಕಡೆ ನಾನು ‘ಹುಳದ ಬಾಯಿ’. ತೊಗರಿ ಹೊಲಗಳಿಗೆ ಹೋದರೆ ಮಕ್ಕಳು ದೂರದಿಂದಲೇ ಗುರುತಿಸಿ ಹಾಗೆ ಕೂಗುತ್ತಿದ್ದವು.

ಈ ಕೆಲಸದಲ್ಲಿ ಇರುವವರನ್ನು ನೆಂಟರು, ಆಟೋದವರು, ಮದುವೆ ಊಟದಲ್ಲಿ ಪಕ್ಕಕ್ಕೆ ಕೂತವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಹುಳಕ್ಕೆ ತಿಳಿಯುತ್ತದೆಯೆ? ನೋವು, ಹೆದರಿಕೆ, ತಾನು ಇದ್ದೇನೆ ಅನ್ನುವ ಅರಿವು, ಏನಾದರೂ ಅದರೊಳಗೆ ಇದೆಯೆ? ಬಹಳ ವರ್ಷ ನಾನು ನಕ್ಕು ಮಾತು ಹಾರಿಸಿದೆ. ಕೊನೆಗೆ ನನ್ನ ಅಕ್ಕನ ಹಾಸಿಗೆಯ ಪಕ್ಕದಲ್ಲಿ ಆ ಪ್ರಶ್ನೆ ನನ್ನನ್ನೇ ಹಿಡಿದು ಕೂರಿಸಿತು. ಅಕ್ಕನಿಗೆ ನಾನು ಪಕ್ಕದಲ್ಲಿರುವುದು ತಿಳಿಯುತ್ತಿತ್ತೋ ಇಲ್ಲವೋ ಅನ್ನುವುದಕ್ಕೂ ಈ ಹುಳಗಳಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅಕ್ಕನ ಹೆಸರು ಸುಶೀಲಾ. ನನ್ನನ್ನು ಎತ್ತಿ ಆಡಿಸಿದವಳು. ಗಂಡ ತೀರಿಕೊಂಡ ಮೇಲೆ ಕಲಬುರಗಿಯ ಗಾಜಿಪುರ ಓಣಿಯಲ್ಲಿದ್ದ ನನ್ನ ಬಾಡಿಗೆ ಮನೆಗೆ ತನ್ನ ಹೊಲಿಗೆ ಮಶಿನ್ ಸಮೇತ ಬಂದಳು. ನನಗೆ ಮದುವೆಯಾಗಲಿಲ್ಲ. ಬಂದ ಎರಡು ಸಂಬಂಧಗಳೂ ‘ಹುಡುಗಿ ಹುಳ ಸಾಕ್ತಾಳಂತ’ ಅನ್ನುವಲ್ಲಿಗೆ ನಿಂತವು. ಹೀಗೆ ನಾವಿಬ್ಬರೇ. ನಮ್ಮದು ಬೌದ್ಧ ಮನೆತನ. ಅಕ್ಕ ದಿನಾ ಬೆಳಿಗ್ಗೆ ಮೇಣದ ಬತ್ತಿ ಹಚ್ಚಿ ಪಂಚಶೀಲ ಹೇಳುತ್ತಿದ್ದಳು. ಅದರಲ್ಲಿ ಮೊದಲನೆಯದೇ ಜೀವ ತೆಗೆಯುವುದಿಲ್ಲ ಅನ್ನುವ ಮಾತು. ಅಲ್ಲಿಗೆ ಬಂದಾಗ ಒಂದು ಕಣ್ಣು ತೆರೆದು ನನ್ನ ಕಡೆ ನೋಡುತ್ತಿದ್ದಳು. ನಾನು ಟಿಫಿನ್ ಡಬ್ಬಿ ಮುಚ್ಚುವ ನೆಪ ಮಾಡಿಕೊಂಡು ಬೆನ್ನು ತಿರುಗಿಸುತ್ತಿದ್ದೆ.

ಸಂಜೆ ನಾನು ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಸದ್ದಾದರೆ ಸಾಕು, ಒಳಗಿನಿಂದ ಮಶಿನ್ ನಿಲ್ಲುತ್ತಿತ್ತು.

“ಶಾಂತಾ, ಮೊದಲ ಕೈ ತೊಳ್ಕೊ. ಹುಳದ ಕೈ ತಗೊಂಡು ಒಳಗ ಬರಬ್ಯಾಡ.”

ಆ ಮೇಲೆಯೇ ನೀರು, ಚಹಾ, ಊರ ಸುದ್ದಿ. ಹಬ್ಬವಿರಲಿ, ಜ್ವರವಿರಲಿ, ಈ ಕ್ರಮ ತಪ್ಪಲಿಲ್ಲ. ನನಗೆ ಕೆಲವೊಮ್ಮೆ ಸಿಟ್ಟೇ ಬರುತ್ತಿತ್ತು. “ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ಈ ಮನ್ಯಾಗ ಹುಳದ ಕೈಯಿಂದನ ಅನ್ನ ಬರ್ತದ” ಅಂತ ಒಮ್ಮೆ ಅಂದುಬಿಟ್ಟೆ. ಅಕ್ಕ ಸೋಪು ಕೈಗೆ ಕೊಟ್ಟು, “ಅನ್ನದ ಅಕ್ಕೀನೂ ತೊಳಕೊಂಡೇ ಬೇಯಿಸ್ತಾರ” ಅಂದಳು.

ಇನ್ನು ಕೋಣೆಯ ವಿಷಯ. ಕಲಬುರಗಿಯ ಬಿಸಿಲಿಗೆ ಊರಿಗೆ ಊರೇ ಬೇಯುತ್ತಿದ್ದಾಗ ನಮ್ಮ ಕೇಂದ್ರದಲ್ಲಿ ಮೊದಲು ಏಸಿ ಬಂದದ್ದು ಹುಳಗಳಿಗೆ. ದೊಡ್ಡ ಸಾಹೇಬರ ಕೋಣೆಯಲ್ಲಿ ಆಗಿನ್ನೂ ಕೂಲರ್. ಅವರು ಮಧ್ಯಾಹ್ನ ಏನಾದರೂ ತಪಾಸಣೆಯ ನೆಪ ಹೇಳಿಕೊಂಡು ನಮ್ಮ ಕೋಣೆಗೆ ಬಂದು ನಿಲ್ಲುತ್ತಿದ್ದರು. ಈ ಹುಳಗಳನ್ನು ಸಾಕುವಾಗ ಮರೆಯಬಾರದ ಮಾತೆಂದರೆ, ಸ್ವಲ್ಪ ಬಲಿತ ಮೇಲೆ ಅವನ್ನು ಒಟ್ಟಿಗೆ ಇಡುವಂತಿಲ್ಲ. ಎದುರಿಗೆ ಎಷ್ಟು ತಿನಿಸಿದ್ದರೂ ಒಂದನ್ನೊಂದು ತಿನ್ನುತ್ತವೆ. ಅದಕ್ಕೇ ಒಂದು ಹುಳಕ್ಕೆ ಒಂದು ಶೀಶೆ, ಬಾಯಿಗೆ ಹತ್ತಿ. ಗೋಡೆಯುದ್ದಕ್ಕೂ ಅಂಥ ಶೀಶೆಗಳು. ಒಂದಕ್ಕೊಂದು ಅಂಟಿಕೊಂಡೇ ಇದ್ದರೂ ಒಳಗಿರುವುದು ಒಬ್ಬಂಟಿ. ಈಗ ಗಾಜಿಪುರದ ಮನೆಯಲ್ಲಿ ಗೋಡೆಯಾಚೆ ಪಕ್ಕದವರ ಕುಕ್ಕರ್ ಕೂಗುವುದು ಕೇಳುತ್ತ ಕೂತಾಗ ಆ ಶೀಶೆಗಳು ನೆನಪಾಗುತ್ತವೆ.

ಹುಳ ಬೆಳೆದು ಪತಂಗವಾದ ಮೇಲೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಕೇಂದ್ರದವರು ಕೊಡುತ್ತಿದ್ದ ಬಟ್ಟೆ ಬಹಳ ನುಣುಪು, ಪತಂಗಗಳಿಗೆ ಸೇರುತ್ತಿರಲಿಲ್ಲ. ಒಮ್ಮೆ ಅಕ್ಕನ ಹೊಲಿಗೆಯ ಗಂಟಿನಿಂದ ಇನ್ನೂ ಒಗೆಯದ, ಒರಟಾದ ಮಲ್‌ಮಲ್ ತುಂಡು ತೆಗೆದುಕೊಂಡು ಹೋದೆ. ಪತಂಗಗಳು ಮೆಚ್ಚಿದವು. ಇನ್ನೊಂದು ತುಂಡು ಹೋಯಿತು, ಮತ್ತೊಂದು ಹೋಯಿತು. ಯಾರದೋ ಲಂಗದ ಅಸ್ತರಿಗೆ ಬಟ್ಟೆ ಸಾಲದೆ ಬಂದಾಗ ಅಕ್ಕನಿಗೆ ಗೊತ್ತಾಯಿತು. “ಊರ ಹೆಂಗಸರಿಗೆ ಹೊಲಿಯಾಕಿ ನಾನು, ಈಗ ಹುಳದ ಬಾಣಂತಿಗೂ ಹೊಲೀಬೇಕೇನು?” ಅಂತ ಕೂಗಾಡಿದಳು. ಆದರೆ ಅವತ್ತಿನಿಂದ ಒರಟು ತುಂಡುಗಳನ್ನು ಬೇರೆ ಗಂಟು ಕಟ್ಟಿ ಬಾಗಿಲ ಹತ್ತಿರ ಇಡತೊಡಗಿದಳು.

ಕೋಣೆಯಲ್ಲಿ ನನ್ನ ಗುರು ಅಂದರೆ ಕುಲಕರ್ಣಿ ಸಾಹೇಬರು. ತೊಗರಿ ಹುಳದಲ್ಲಿ ಪಂಡಿತರು. ಕೋಪ ಬಂದರೆ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸುತ್ತಿದ್ದರು, ಅಷ್ಟರಲ್ಲಿ ನಾವು ಜಾಗ ಖಾಲಿ ಮಾಡಬೇಕು. ಔಷಧಿ ಹಾಕಿದ ಹುಳ ಸತ್ತಿದೆಯೋ ಬದುಕಿದೆಯೋ ಅಂತ ನೋಡಲಿಕ್ಕೆ ಅವರು ನನಗೆ ಒಂದು ಸಣ್ಣ ಕುಂಚ ಕೊಟ್ಟರು, ಚಿತ್ರ ಬಿಡಿಸುವ ಕುಂಚ. ಕೂದಲಿನ ತುದಿಯಿಂದ ಹುಳದ ಬೆನ್ನು ಮುಟ್ಟಬೇಕು. ಅಲುಗಿದರೆ ಬದುಕಿದೆ, ಅಲುಗದಿದ್ದರೆ ಸತ್ತಿದೆ. ಮೊದಲ ವಾರ ಒಂದು ಹುಳ ಕುಂಚ ತಾಗಿದ ಕೂಡಲೆ ಮೈ ಸುರುಳಿ ಸುತ್ತಿಕೊಂಡಿತು. ನಾನು, “ಸರ್, ಪಾಪ, ಇದಕ್ಕ ತ್ರಾಸ ಆಗಾಕತ್ತದ” ಅಂದೆ.

ಸಾಹೇಬರು ಕನ್ನಡಕ ತೆಗೆದರು.

“ಪಾಪ, ತ್ರಾಸ, ನೋವು ಈ ಶಬ್ದ ಮನ್ಯಾಗ ಬಿಟ್ಟು ಬಾರವಾ. ಇಲ್ಲಿ ನಾವು ಕಂಡದ್ದಷ್ಟ ಬರೀಬೇಕು. ನಿನಗ ಏನು ಕಂಡಿತು?”

“ಸುತ್ಕೊಂತು, ಸರ್.”

“ಹಂಗಂದ್ರ ಪ್ರತಿಕ್ರಿಯೆ. ಪ್ರತಿಕ್ರಿಯೆ ಅದ ಅಂತ ಬರಿ.”

ಅವರ ಮಾತು ತಪ್ಪಲ್ಲ. ಪ್ರಯೋಗ ಅಂದಮೇಲೆ ಒಳಗೆ ಏನಾಗುತ್ತದೆ ಅಂತ ಊಹಿಸಿ ಬರೆಯಲಾಗುವುದಿಲ್ಲ. ಸೇವೆ ಮುಗಿಯುವ ತನಕ ನಾನು ಪ್ರತಿಕ್ರಿಯೆ ಅಂತಲೇ ಬರೆದೆ. ಬರೆಯುತ್ತ ಬರೆಯುತ್ತ ಪಾಪ ಅನ್ನುವ ಶಬ್ದ ನಾಲಗೆಗೆ ಬರುವುದೂ ನಿಂತಿತು. ಹೊಸಬರೇ, ಇದು ನಿಮಗೂ ಆಗುತ್ತದೆ. ಕೈ ಚುರುಕಾಗುತ್ತದೆ, ಕೆಲಸ ಸಲೀಸಾಗುತ್ತದೆ.

ಹುಳ ತರಲಿಕ್ಕೆ ನಾವು ಊರೂರಿನ ಹೊಲಗಳಿಗೆ ಹೋಗುತ್ತಿದ್ದೆವು. ನಮ್ಮ ಭಾಗದ ರೈತರಲ್ಲಿ ಒಂದು ಹಳೆಯ ಪದ್ಧತಿ ಇದೆ. ತೊಗರಿಯ ಸಾಲಿನ ನಡುವೆ ಗೋಣಿ ತಾಟು ಹಾಸಿ, ಗಿಡ ಬಗ್ಗಿಸಿ ಅಲ್ಲಾಡಿಸುವುದು. ಹುಳಗಳು ಪಟಪಟ ಅಂತ ತಾಟಿನ ಮೇಲೆ ಉದುರುತ್ತವೆ. ತಾಜಸುಲ್ತಾನಪುರದ ಒಂದು ಹೊಲದಲ್ಲಿ ಭಾಗಮ್ಮ ಅನ್ನುವ ಹಿರಿಯ ಹೆಂಗಸು ಹೀಗೆ ಗಿಡ ಅಲ್ಲಾಡಿಸುತ್ತಿದ್ದಳು. ನಾನು ತಾಟಿನ ಮೇಲಿನ ಹುಳಗಳನ್ನು ಒಂದೊಂದಾಗಿ ಶೀಶೆಗೆ ತುಂಬುತ್ತಿದ್ದೆ. ಅವಳು ನಡು ನೆಟ್ಟಗೆ ಮಾಡಿಕೊಂಡು ಕೇಳಿದಳು.

“ಬಾಯಿ, ನೀವು ಓದ್ದವರು. ತಾನು ಬಿದ್ದೀನಿ ಅಂತ ಈ ಹುಳಕ್ಕ ತಿಳೀತದೇನ್ರೀ?”

ನಾನು ಸಾಹೇಬರಿಂದ ಕಲಿತದ್ದನ್ನು ಹೇಳಿದೆ. “ಇಲ್ಲಮ್ಮ, ಅದು ಬರೇ ಪ್ರತಿಕ್ರಿಯೆ.”

“ಹಂಗಂದ್ರ?”

ನಾನು ಇನ್ನೊಂದು ಹುಳ ಎತ್ತಿ ಶೀಶೆಗೆ ಹಾಕಿದೆ. ಭಾಗಮ್ಮ ಮತ್ತೆ ಗಿಡಕ್ಕೆ ಕೈ ಹಾಕಿದಳು. “ಆನಿಗೆ ಆನಿ ಭಾರ, ಇರುವಿಗೆ ಇರುವಿ ಭಾರ. ಅದರ ಭಾರ ಅದಕ್ಕ ಗೊತ್ತಿರ್ಬೇಕು ಬಿಡ್ರಿ. ನನ್ನ ತೊಗರಿ ಉಳಿದ್ರ ಸಾಕು” ಅಂದು ಮುಂದಿನ ಗಿಡ ಬಗ್ಗಿಸಿದಳು.

ಆಮೇಲೆ ರೋಗದ ದ್ರಾವಣ ಬಂತು. ಇದು ವಿಷವಲ್ಲ, ಹುಳಕ್ಕೆ ಮಾತ್ರ ಬರುವ ಒಂದು ವೈರಸ್. ನಾವು ಸಾಕಿದ ಹುಳಗಳಿಗೆ ಆ ರೋಗ ಹತ್ತಿಸಿ, ಸತ್ತವನ್ನೂ ಸಾಯಲಿದ್ದವನ್ನೂ ಅರೆದು ಸೋಸಿ, ರೈತರಿಗೆ ಸಿಂಪಡಿಸಲಿಕ್ಕೆ ಕೊಡುತ್ತಿದ್ದೆವು. ಅರೆಯುವ ದಿನದ ನಾತ ಏನು ಹೇಳಲಿ. ಕೈಗವಸು ಹಾಕಿದರೂ ಕೈಗೆ ಹತ್ತುತ್ತಿತ್ತು. ರೋಗ ಬಂದ ಹುಳ ಹೊಲದಲ್ಲಿ ಒಂದು ವಿಚಿತ್ರ ಮಾಡುತ್ತದೆ. ಅಷ್ಟು ದಿನ ಕಾಯಿಯೊಳಗೆ ತಲೆ ಹುದುಗಿಸಿ ಕೂತದ್ದು, ಸಾಯುವ ಮೊದಲು ತೆವಳುತ್ತ ತೆವಳುತ್ತ ಗಿಡದ ತುತ್ತತುದಿಗೆ ಹತ್ತಿ, ಅಲ್ಲಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಮೇಲಿನಿಂದ ರಸ ಸೋರಿ ಕೆಳಗಿನ ಹುಳಗಳಿಗೂ ರೋಗ ಹರಡುತ್ತದೆ. ಹತ್ತುವುದು ಹುಳವಲ್ಲ, ಅದನ್ನು ಹತ್ತಿಸುವುದು ರೋಗ ಅಂತ ಕುಲಕರ್ಣಿ ಸಾಹೇಬರು ವಿವರಿಸಿದರು.

ಮನೆಗೆ ಬಂದು, ಕೈ ತೊಳೆದು, ಅಕ್ಕನಿಗೆ ಇದನ್ನು ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ನಿಂತಳು. “ಜಡ್ಡಾದವರಿಗೆ ಒಳಗ ಉಸಿರು ಕಟ್ಟತದ. ಗಾಳಿ ಬೇಕಾಗಿ ಮ್ಯಾಲ ಹೋಗಿರ್ಬೇಕು ಪಾಪ” ಅಂದಳು. ರೋಗ ಹತ್ತಿಸುತ್ತದೆ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. “ಯಾರು ಹತ್ತಿಸಿದ್ರೇನು, ಹತ್ತೋ ಕಾಲು ಅದರದೇ ಅಲಾ?” ಅಂದಳು.

ಕಮಲಾಪುರದ ಕಥೆ ಹೇಳದಿದ್ದರೆ ನಮ್ಮ ಕೋಣೆಯ ಕಥೆ ಪೂರ್ತಿಯಾಗದು. ಅಲ್ಲಿಯ ಕೆಂಪು ಬಾಳೆ ತಿಂದವರಿಗೆ ಬೇರೆ ಬಾಳೆ ಸಪ್ಪೆ. ಆ ಬಾಳೆಯ ಗೆಡ್ಡೆ ಕೊರೆಯುವ ಒಂದು ಕರಿ ದುಂಬಿ ಇದೆ, ಉದ್ದ ಮೂತಿಯದು. ಕುಲಕರ್ಣಿ ಸಾಹೇಬರಿಗೆ ಅದು ಹೊಸದು, ನನಗೂ ಹೊಸದು. ಬಸಣ್ಣ ಅನ್ನುವ ರೈತರ ತೋಟದಲ್ಲಿ ಬಾಳೆದಿಂಡು ಸೀಳಿ ನೆಲಕ್ಕೆ ಬೋರಲು ಹಾಕಿದೆವು. ಅದರ ಕೆಳಗೆ ಬಂದು ಸೇರಿದ ದುಂಬಿಗಳನ್ನು ಹಿಡಿದು, ಅವುಗಳ ಮೇಲೆ ಒಂದು ಹೊಸ ಪುಡಿ ಉದುರಿಸಿ ಡಬ್ಬಿಯಲ್ಲಿಟ್ಟೆವು. ಮರಳಿ ಹೋದ ದಿನ ಬಸಣ್ಣನವರ ಕಟ್ಟೆಯ ಮೇಲೆ ಪೇಪರ್ ಹಾಸಿ ಡಬ್ಬಿ ಸುರಿದೆ. ಎಲ್ಲವೂ ಕಾಲು ಮುದುರಿಕೊಂಡು ಅಂಗಾತ ಬಿದ್ದಿದ್ದವು. ಕುಂಚದಿಂದ ಮುಟ್ಟಿದೆ. ಅಲುಗಲಿಲ್ಲ. ಸಾಹೇಬರು ತಾವೇ ಕುಂಚ ತೆಗೆದುಕೊಂಡು ತಿವಿದರು. ಅಲುಗಲಿಲ್ಲ.

“ಒಂದೂ ಉಳಿದಿಲ್ಲ, ಬಸಣ್ಣ” ಅಂದರು. ಅವರು ಅಷ್ಟು ಖುಷಿಯಾದದ್ದನ್ನು ನಾನು ಕಂಡಿರಲಿಲ್ಲ. ಪುಡಿಯ ಬಗ್ಗೆ, ಅದನ್ನು ಇಡೀ ತಾಲ್ಲೂಕಿಗೆ ಹಂಚುವುದರ ಬಗ್ಗೆ ಮಾತು ಶುರುವಾಯಿತು. ಚಹಾ ಬಂತು, ಕೆಂಪು ಬಾಳೆಹಣ್ಣು ಬಂತು. ನಾವು ದುಂಬಿಗಳಿಗೆ ಬೆನ್ನು ಹಾಕಿ ಕೂತಿದ್ದೆವು. ಎದುರಿಗೆ ಕೂತ ಬಸಣ್ಣನವರು ಹಣ್ಣು ಸುಲಿಯುವುದು ನಿಲ್ಲಿಸಿ, ಬಹಳ ಮರ್ಯಾದೆಯಿಂದ ಹೇಳಿದರು.

“ಸಾಹೇಬ್ರ, ನಿಮ್ಮ ಹೆಣಗೋಳು ಎದ್ದು ಹೊಂಟಾವ ನೋಡ್ರಿ.”

ತಿರುಗಿ ನೋಡಿದರೆ ಪೇಪರಿನ ಮೇಲೆ ಅರ್ಧ ಖಾಲಿ. ಉಳಿದವು ಸಾವಕಾಶವಾಗಿ ಕಟ್ಟೆಯ ಅಂಚಿಗೆ ನಡೆದಿದ್ದವು. ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಈ ದುಂಬಿ ಮುಟ್ಟಿದರೆ ಸತ್ತಂತೆ ಬಿದ್ದಿರುತ್ತದೆ ಅಂತ ನಮಗೆ ಅವತ್ತು ತಿಳಿಯಿತು. ವಾಪಸು ಬರುವಾಗ ಸಾಹೇಬರು ಒಂದನ್ನು ಡಬ್ಬಿಯಲ್ಲಿ ಹಾಕಿಕೊಂಡು ಜೀಪಿನುದ್ದಕ್ಕೂ ಅದನ್ನು ಮುಟ್ಟಿ ಮುಟ್ಟಿ ನೋಡಿದರು. “ವಿಚಿತ್ರ ನೋಡು, ಮುಟ್ಟಿದಷ್ಟೂ ಹೆಚ್ಚು ಹೊತ್ತು ಸತ್ತಿರ್ತದ. ಸುಮ್ನ ಬಿಟ್ರ ಏಳ್ತದ” ಅಂದರು. “ನಾಟಕ ಮಾಡ್ತದೇನ್ರಿ ಸರ್?” ಅಂತ ಕೇಳಿದೆ. “ನಾಟಕಕ್ಕ ಮನಸ್ಸು ಬೇಕು” ಅಂದರು. ಅಕ್ಕನಿಗೆ ಅವತ್ತು ಕೆಂಪು ಬಾಳೆ ಒಯ್ದಿದ್ದೆ. ಈ ಕಥೆ ಕೇಳಿ ಅವಳು ನಕ್ಕದ್ದು ಓಣಿಗೆಲ್ಲ ಕೇಳಿತು.

ಕುಲಕರ್ಣಿ ಸಾಹೇಬರು ನಿವೃತ್ತರಾದ ಎಷ್ಟೋ ವರ್ಷಗಳ ಮೇಲೆ ಅವರ ಜಾಗಕ್ಕೆ ಅನಿತಾ ಮೇಡಂ ಬಂದರು. ನನಗೊಬ್ಬ ಮಗಳಿದ್ದಿದ್ದರೆ ಅವಳ ವಯಸ್ಸು. ಬಂದವರೇ ಪದ್ಧತಿ ಬದಲಿಸಿದರು. ಹುಳವನ್ನು ಕೊಯ್ಯುವ, ಅರೆಯುವ ಮೊದಲು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಬೇಕು. ನನಗೆ ಅದು ಹೆಚ್ಚುವರಿ ಕೆಲಸ. ಕರೆಂಟು ಹೋದರೆ ಬರ್ಫ, ಅಂದರೆ ಮಂಜುಗಡ್ಡೆ, ತರಲಿಕ್ಕೆ ಓಡಬೇಕು. ನಾನು ಗೊಣಗುತ್ತಿದ್ದೆ. ಜೇನುನೊಣ ಆಟ ಆಡುತ್ತದೆ, ಗಾಯವಾದ ನೊಣ ಬೇರೆ ಥರ ನಡೆದುಕೊಳ್ಳುತ್ತದೆ ಅಂತೆಲ್ಲ ಈಗ ಹೊರದೇಶದಲ್ಲಿ ವಾದ ನಡೆದಿದೆ ಎಂದು ಅವರು ಹೇಳುತ್ತಿದ್ದರು.

“ಹಂಗಾದ್ರ ಹುಳಕ್ಕ ತಿಳೀತದ ಅಂತೀರೇನ್ರೀ ಮೇಡಂ?”

“ಗೊತ್ತಿಲ್ರೀ ಶಾಂತಾಬಾಯಿ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಾಗ ತಿಳೀತದ ಅಂತನ ನಡ್ಕೊಂಡ್ರ ನಮಗ ಹೋಗೋದೇನು? ಒಂದೀಟು ಬರ್ಫ.”

ಬರ್ಫ ತರುವವಳು ನಾನಲ್ಲವೆ, ನಿಮಗೇನು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ನನ್ನ ಸೇವೆಯ ಕೊನೆಯ ವರ್ಷ ಅಕ್ಕ ಮಶಿನ್ ಮೇಲೆಯೇ ಕುಸಿದಳು. ಮಿದುಳಿನೊಳಗೆ ರಕ್ತಸ್ರಾವ. ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಕಣ್ಣು ತೆರೆಯುತ್ತಿದ್ದಳು, ಆದರೆ ನೋಟ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಡಾಕ್ಟರು ದಿನಾ ಬಂದು ಕಣ್ಣಿಗೆ ಬೆಳಕು ಬಿಡುತ್ತಿದ್ದರು, ಎದೆ ಮೂಳೆಯ ಮೇಲೆ ಬೆರಳ ಗೆಣ್ಣಿನಿಂದ ಉಜ್ಜುತ್ತಿದ್ದರು, ಉಗುರಿನ ಮೇಲೆ ಪೆನ್ನು ಒತ್ತುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಅವರು ಮಾಡುತ್ತಿದ್ದದ್ದು ನನ್ನದೇ ಕೆಲಸ. ನನ್ನದು ಕುಂಚ, ಅವರದು ಪೆನ್ನು. ಒಂದು ದಿನ ಉಗುರು ಒತ್ತಿದಾಗ ಅಕ್ಕನ ಬೆರಳು ಸ್ವಲ್ಪ ಮಡಚಿತು. ನಾನು ಗೋಡೆ ಬಿಟ್ಟು ಮಂಚದ ಹತ್ತಿರ ಬಂದೆ.

“ಡಾಕ್ಟ್ರ, ನೋಡಿದ್ರೇನ್ರೀ? ಅಕ್ಕಗ ತಿಳೀತು!”

ಒಳ್ಳೆಯ ಮನುಷ್ಯರು. ನನ್ನ ಭುಜ ಮುಟ್ಟಿ ಹೇಳಿದರು. “ಅಮ್ಮಾ, ಅದು ಬರೇ ಪ್ರತಿಕ್ರಿಯೆ. ನರ ತಾನ ಮಾಡ್ತದ. ಅವರಿಗೆ ತಿಳೀತದ ಅಂತ ನಾವು ಹೇಳಾಕ ಬರಂಗಿಲ್ಲ.”

ನಾನು ಹೊರಗೆ ವರಾಂಡಕ್ಕೆ ಬಂದು ಕೂತೆ. ಭಾಗಮ್ಮ ಹೊಲದಲ್ಲಿ ಕೇಳಿದ ‘ಹಂಗಂದ್ರ?’ ನೆನಪಾಯಿತು. ಡಾಕ್ಟರನ್ನು ಹಾಗೆ ಕೇಳುವ ಧೈರ್ಯ ನನಗಾಗಲಿಲ್ಲ.

ಕೊನೆಗೆ ಅಕ್ಕನನ್ನು ಮನೆಗೆ ತಂದೆ. ಜಡ್ಡಾದವರಿಗೆ ಗಾಳಿ ಬೇಕು ಅಂತ ಅವಳೇ ಹೇಳಿದ್ದಳಲ್ಲ, ಮಂಚವನ್ನು ಕಿಟಕಿಗೆ ಸರಿಸಿದೆ. ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಹಸೀನಾ ಆಪಾ ಬಂದು ಕೂತಿರುತ್ತಿದ್ದಳು. ಅಕ್ಕನ ಹತ್ತಿರ ಬ್ಲೌಸು ಹೊಲಿಸಿಕೊಂಡು ಹೊಲಿಸಿಕೊಂಡು ಗೆಳತಿಯಾದವಳು. ಆಪಾ ಅಕ್ಕನ ಜೊತೆ ಸಂತೆ, ಸೊಸೆ, ಮೊಣಕಾಲು ನೋವು ಎಲ್ಲ ಮಾತಾಡುತ್ತಿದ್ದಳು. ನನಗೆ ಅದಾಗಲಿಲ್ಲ. ಸಂಜೆ ಬಂದು ಹೊದಿಕೆ ಸರಿಮಾಡಿ ಪಕ್ಕದಲ್ಲಿ ಕೂರುತ್ತಿದ್ದೆ, ಅಷ್ಟೇ. ಕೇಳುವವಳು ಒಳಗಿದ್ದಾಳೋ ಇಲ್ಲವೋ ಗೊತ್ತಿಲ್ಲದೆ ಯಾರ ಜೊತೆ ಮಾತಾಡುವುದು? ಒಂದೇ ಮನೆಯಲ್ಲಿ ಇಬ್ಬರು ಇದ್ದೂ ನಾನು ಅಷ್ಟು ಒಬ್ಬಂಟಿಯಾದದ್ದು ಆ ತಿಂಗಳುಗಳಲ್ಲೇ. ಚಪ್ಪಲಿ ಬಿಡುವಾಗ ಒಳಗಿನಿಂದ ಮಾತು ಬರಲಿ ಅಂತ ಕಿವಿ ಕಾಯುತ್ತಿತ್ತು. ಬರುತ್ತಿರಲಿಲ್ಲ.

ಒಂದು ದಿನ ಕೋಣೆಯಲ್ಲಿ ಅರೆಯುವ ಕೆಲಸ ನಡೆದಿತ್ತು. ಕೇಂದ್ರದಲ್ಲಿ ನೀರು ಖಾಲಿ, ಟ್ಯಾಂಕರ್ ಬಂದಿರಲಿಲ್ಲ. ಅಷ್ಟರಲ್ಲಿ ಆಪಾಳ ಫೋನು, ಅಕ್ಕನಿಗೆ ಮೈ ಸುಡುತ್ತಿದೆ ಅಂತ. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಸಿಕ್ಕ ಆಟೋ ಹತ್ತಿದೆ. ಮನೆಗೆ ಬಂದವಳೇ ನೇರವಾಗಿ ಮಂಚದ ಹತ್ತಿರ ಹೋಗಿ ಅಕ್ಕನ ಕೈ ಹಿಡಿದೆ.

ಅಕ್ಕ ಕೈ ಎಳೆದುಕೊಂಡಳು.

ಜೋರಾಗಿ ಅಲ್ಲ. ನಿಧಾನವಾಗಿ, ಹಾಸಿಗೆಯ ಮೇಲೆ ಜಾರಿಸುತ್ತ, ನನ್ನ ಬೆರಳುಗಳಿಂದ ತನ್ನ ಬೆರಳು ಬಿಡಿಸಿಕೊಂಡು ಹೊಟ್ಟೆಯ ಕಡೆ ಒಯ್ದಳು. ಮೂಗಿನ ಪಕ್ಕ ಒಂದು ಸಣ್ಣ ಸುಕ್ಕು ಬಂದು ಹೋಯಿತು. ಆ ಕಡೆ ಕೂತಿದ್ದ ಆಪಾ ನನ್ನ ಮುಖ ನೋಡಲಿಲ್ಲ, ಅಕ್ಕನ ಕೈ ನೋಡಿದಳು. ತೀರ ಸಾದಾ ದನಿಯಲ್ಲಿ ಅಂದಳು.

“ಜಾ ಬಾಯಿ, ಹಾತ್ ಧೋ ಕೋ ಆ. ಕೈ ತೊಳ್ಕೊ ಅಂತ ಅಕ್ಕ ಬೈಯಾಕತ್ತಾಳ, ಕೇಳಸಲ್ಲೇನು?”

ನಾನು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದೆ. ತೊಳೆಯುತ್ತ ಬಿಕ್ಕಿ ಬಿಕ್ಕಿ ಅತ್ತೆ. ಒರೆಸಿಕೊಂಡು ಬಂದು ಮತ್ತೆ ಅಕ್ಕನ ಕೈ ಹಿಡಿದೆ. ಈ ಸಲ ಅವಳು ಎಳೆದುಕೊಳ್ಳಲಿಲ್ಲ. ಜ್ವರದ ಕೈ, ಬಿಸಿಯಾಗಿ ನನ್ನ ಕೈಯೊಳಗೆ ಸುಮ್ಮನೆ ಇತ್ತು. ಅವತ್ತು ನಾನು ಮಾತಾಡಿದೆ. ಬಾಳೆಯ ದುಂಬಿ, ಮಲ್‌ಮಲ್ ತುಂಡು, ಬರ್ಫ ಎಲ್ಲವನ್ನೂ ಹೇಳಿದೆ.

ಜ್ವರ ನೋಡಲಿಕ್ಕೆ ಬಂದ ಡಾಕ್ಟರಿಗೆ ಇದನ್ನು ತಿಳಿಸಿದೆ. ಅವರು ನಗಲಿಲ್ಲ. “ವಾಸನೆಗೂ ನರ ಹಂಗ ಮಾಡಬಹುದು. ಒಂದ್ಸಲ ಆದದ್ದು ಹಿಡಕೊಂಡು ಏನೂ ಹೇಳಾಕಾಗಲ್ಲ. ಇನ್ನೂ ಕೆಲವು ಸಲ ಮಾಡಿ ನೋಡ್ರಿ. ಹುಳದ ಕೈಲೆ ಹಿಡೀರಿ, ತೊಳ್ಕೊಂಡ ಕೈಲೆ ಹಿಡೀರಿ. ಪ್ರತಿ ಸಲ ಹಂಗ ಆದ್ರ ನನಗ ಹೇಳ್ರಿ” ಅಂದರು.

ಸರಿಯಾದ ಮಾತು. ಆಯುಷ್ಯವೆಲ್ಲ ಪ್ರಯೋಗದ ಕೋಣೆಯಲ್ಲಿ ಕಳೆದವಳಿಗೆ ಅದು ಗೊತ್ತಿಲ್ಲದೆ ಏನು? ಒಂದು ಸಲ ಅಲುಗಿದ್ದನ್ನು ನಾನೂ ನಂಬುತ್ತಿರಲಿಲ್ಲ. ಮರುದಿನ ಕೋಣೆಯಿಂದ ಹೊರಡುವಾಗ ಬೇಕೆಂದೇ ಕೈ ತೊಳೆಯಲಿಲ್ಲ. ಮನೆಗೆ ಬಂದು ಮಂಚದ ಹತ್ತಿರ ನಿಂತೆ. ಅಕ್ಕನ ಕೈ ಹೊದಿಕೆಯ ಮೇಲಿತ್ತು. ಕೈ ಚಾಚಿದರೆ ಸಾಕು, ಉತ್ತರ ಸಿಗುತ್ತದೆ. ಅವಳು ಒಳಗಿದ್ದಾಳೋ ಇಲ್ಲವೋ ಅಂತ ನನಗೆ ಅಷ್ಟು ಬೇಕಾದ ಉತ್ತರ ಜೀವನದಲ್ಲಿ ಬೇರೊಂದಿರಲಿಲ್ಲ.

ಕೈ ಚಾಚಲಾಗಲಿಲ್ಲ. ಅವಳು ಒಳಗಿದ್ದರೆ, ಹೇಸುವ ಕೈಯನ್ನು ಅವಳ ಮೂಗಿನ ಹತ್ತಿರ ಹಿಡಿದು ಮುದುಡುತ್ತಾಳೋ ಅಂತ ನೋಡುವ ತಂಗಿ ನಾನಾಗುತ್ತೇನೆ. ಅವಳು ಎದ್ದು ಬೈಯಲಾರಳು, ಮುಖ ತಿರುಗಿಸಲಾರಳು. ಕುಂಚ ಹಿಡಿದವಳ ಎದುರು ಶೀಶೆಯಲ್ಲಿದ್ದಂತೆ ಬಿದ್ದುಕೊಂಡಿರಬೇಕು. ಕಮಲಾಪುರದ ದುಂಬಿಯೂ ನೆನಪಾಯಿತು, ಮುಟ್ಟಿ ಮುಟ್ಟಿ ನೋಡಿದಷ್ಟೂ ಸತ್ತೇ ಇರುತ್ತದೆ ಅಂದಿದ್ದರಲ್ಲ ಸಾಹೇಬರು. ನಾನು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದೆ. ಆಮೇಲೆ ಒಂದು ದಿನವೂ ತೊಳೆಯದ ಕೈಯಿಂದ ಅವಳನ್ನು ಮುಟ್ಟಲಿಲ್ಲ. ಹಾಗಾಗಿ ಡಾಕ್ಟರಿಗೆ ಹೇಳಲಿಕ್ಕೆ ನನ್ನ ಹತ್ತಿರ ಏನೂ ಉಳಿಯಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಅಕ್ಕ ಹೋದಳು. ಕಿಟಕಿಯ ಕಡೆ ಮುಖ ಇತ್ತು. ವಿಹಾರದವರು ಬಂದು ಪಂಚಶೀಲ ಹೇಳಿದರು. ಮೊದಲನೆಯದಕ್ಕೆ ಬಂದಾಗ ಯಾರೂ ನನ್ನ ಕಡೆ ನೋಡಲಿಲ್ಲ.

ಉಳಿದ ಕೆಲವು ತಿಂಗಳು ಕೋಣೆಗೆ ಹೋದೆ. ಅಲ್ಲಿ ಶೀಶೆಗಳ ಎದುರು ಕೂತು ನಾನೇ ಒಂದು ತೀರ್ಮಾನಕ್ಕೆ ಬಂದೆ. ಅದು ವಿಜ್ಞಾನವಲ್ಲ, ನೀವು ಒಪ್ಪಬೇಕಾಗಿಯೂ ಇಲ್ಲ. ಅಕ್ಕ ಕೈ ಎಳೆದುಕೊಂಡದ್ದಕ್ಕೂ ಕುಂಚ ತಾಗಿದ ಹುಳ ಸುತ್ತಿಕೊಳ್ಳುವುದಕ್ಕೂ ಹೊರಗಿನಿಂದ ನೋಡುವ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹುಳದ್ದು ಬರೀ ಪ್ರತಿಕ್ರಿಯೆ ಅಂದರೆ ಅಕ್ಕನದ್ದೂ ಅಷ್ಟೇ ಅನ್ನಬೇಕು, ಕೊನೆಯ ದಿನಗಳಲ್ಲಿ ನಾನು ಖಾಲಿ ಮನೆಯಲ್ಲಿ ಒಬ್ಬಳೇ ಮಾತಾಡಿದೆ ಅನ್ನಬೇಕು. ಅಕ್ಕನಿಗೆ ನನ್ನ ಕೈ ಗುರುತು ಸಿಕ್ಕಿತು ಅಂದರೆ, ನನ್ನ ಕುಂಚಕ್ಕೆ ಮುದುಡಿದ, ನಾನು ಜೀವಂತ ಅರೆದ ಅಷ್ಟೂ ಹುಳಗಳಿಗೆ ಏನೋ ಒಂದು ತಿಳಿದಿತ್ತು ಅಂತ ಒಪ್ಪಿಕೊಂಡು ಆ ಭಾರ ಹೊರಬೇಕು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲಿಕ್ಕೆ ಬರುವುದಿಲ್ಲ.

ನಾನು ಭಾರ ಹೊತ್ತುಕೊಂಡೆ. ಅಕ್ಕನಿಗೆ ತಿಳಿದಿತ್ತು.

ಆ ಮೇಲೆ ಬರ್ಫ ತರುವಾಗ ನಾನು ಗೊಣಗಲಿಲ್ಲ. ಕರೆಂಟು ಹೋದರೆ ಅನಿತಾ ಮೇಡಂ ಹೇಳುವ ಮೊದಲೇ ಚೀಲ ಹಿಡಿದು ಹೊರಡುತ್ತಿದ್ದೆ. ಅವರು ಒಮ್ಮೆ, “ಏನ್ರೀ ಶಾಂತಾಬಾಯಿ, ಬದಲಾಗೀರಿ” ಅಂತ ನಕ್ಕರು. ಅವರಿಗೆ ನಾನು ಕಾರಣ ಹೇಳಲಿಲ್ಲ. ಹೊಸಬರೇ, ನಿಮಗೆ ಹೇಳುತ್ತಿದ್ದೇನೆ. ತೊಗರಿ ಉಳಿಯಬೇಕು, ಭಾಗಮ್ಮನಂಥವರು ಬದುಕಬೇಕು, ಹುಳ ಕೊಲ್ಲುವ ಕೆಲಸ ಯಾರಾದರೂ ಮಾಡಲೇಬೇಕು. ಮಾಡಿ. ಆದರೆ ಮೊದಲು ಫ್ರಿಜ್ಜಿನಲ್ಲಿಡಿ. ಪಾಪ ಅನ್ನುವ ಶಬ್ದವನ್ನು ವರದಿಯಲ್ಲಿ ಬರೆಯಬೇಡಿ, ನಾಲಗೆಯಿಂದ ಮಾತ್ರ ಬಿಡಬೇಡಿ.

ನಿವೃತ್ತಿಯ ದಿನ ಶಾಲು ಹೊದಿಸಿದರು, ಫೋಟೋ ತೆಗೆದರು. ಕುಂಚವನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ. ಈಗ ನಾನು ಹುಳ ಮುಟ್ಟಿ ಎಷ್ಟೋ ದಿನವಾಯಿತು. ಕೈಗೆ ಯಾವ ವಾಸನೆಯೂ ಇಲ್ಲ, ಬೇಕಾದರೆ ಹಾಗೇ ಒಳಗೆ ಹೋಗಬಹುದು. ಆದರೂ ಸಂಜೆ ತರಕಾರಿ ಚೀಲ ಹಿಡಿದು ಬಂದಾಗ ಹೊಸ್ತಿಲಲ್ಲಿ ಚಪ್ಪಲಿಯನ್ನು ಸ್ವಲ್ಪ ಸದ್ದು ಮಾಡಿಯೇ ಬಿಡುತ್ತೇನೆ. ಒಂದು ಗಳಿಗೆ ನಿಂತು ಕೇಳುತ್ತೇನೆ. ಆಮೇಲೆ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆಯುತ್ತೇನೆ.